ಅಂಚೆಚೀಟಿಯ ಮಾಲೆಗಳು ಮತ್ತು ಕಾಲದ ಗುರುತು

ಕೂಡಿಡುವುದು ಮಾನವನ ಸಹಜಗುಣಗಳಲ್ಲೊಂದು. ಹೊಳೆಯ ದಂಡೆಯ ನುಣುಪಾದ ಕಲ್ಲನ್ನೂ ಹಕ್ಕಿಯ ಗರಿಯನ್ನೂ ಜೇಬಿಗೆ ತುಂಬಿಕೊಳ್ಳದ ಬಾಲಕನಿಲ್ಲ. ಒಂದು ಕಾಲದಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಹಾಕುವುದು ಹಳ್ಳಿಯ ಮಕ್ಕಳಿಗೆ ಪಾಠಕ್ಕಿಂತ ದೊಡ್ಡ ಕೆಲಸವಾಗಿತ್ತು. ಅಮೆರಿಕಾದ ಮಕ್ಕಳು ತಮ್ಮ ನೆಚ್ಚಿನ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಕೂಡಿಸುತ್ತಾರೆ. ಮೊದಲು ಸಿಗರೇಟು ಪೊಟ್ಟಣಗಳಲ್ಲಿಯೂ ಅನಂತರ ಅಗಿಯುವ ಗಮ್ಮಿನ ಪೊಟ್ಟಣಗಳಲ್ಲಿಯೂ ಬರುತ್ತಿದ್ದ ಈ ಕಾರ್ಡುಗಳನ್ನು ವರ್ಷವರ್ಷದ ಮಾಲೆಗಳಾಗಿ ಜೋಡಿಸಿ, 1909ರ ಮಾಲೆಗೂ 1952ರ ಮಾಲೆಗೂ ಇರುವ ಅಂತರವನ್ನು ಚರ್ಚಿಸುವ ಹಿರಿಯರೂ ಅಲ್ಲಿದ್ದಾರೆ. ನಮ್ಮ ನಾಡಿನಲ್ಲಿ ಈ ಸ್ಥಾನವನ್ನು ಬಹುಕಾಲ ತುಂಬಿದುದು ಅಂಚೆಚೀಟಿ.

ಆದರೆ ಶರಣ ಪರಂಪರೆಯ ವಿದ್ಯಾಸಂಸ್ಥೆಯೊಂದರ ಅಂಗಳದಲ್ಲಿ ಸಂಗ್ರಹದ ಮಾತನ್ನೆತ್ತಿದಾಗ ಒಂದು ಪ್ರಶ್ನೆ ಏಳುವುದು ಸಹಜ. ನಾಳೆಗೆಂದು ಕೂಡಿಡುವುದನ್ನು ಶರಣರು ಒಪ್ಪಲಿಲ್ಲ. ಗಳಿಸಿದ್ದನ್ನು ದಾಸೋಹಕ್ಕೆ ಸಲ್ಲಿಸುವುದೇ ಅವರ ಮಾರ್ಗ. ಹಾಗಿರುವಾಗ ಬಳಸಿ ಮುಗಿದ ಕಾಗದದ ಚೂರುಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಡುವುದರಿಂದ ಆಗುವ ಪ್ರಯೋಜನವೇನು? ಸಂಗ್ರಹವೆಂದರೆ ಏನು, ಅದನ್ನು ನೋಡುವ ಬಗೆ ಯಾವುದು ಎಂಬುದನ್ನು ತಿಳಿದ ಮೇಲೆಯೇ ಇದಕ್ಕೆ ಉತ್ತರ ದೊರೆಯುತ್ತದೆ.

ಬಿಡಿ ಚೀಟಿ ಮತ್ತು ಮಾಲೆ

ಜಗತ್ತಿನ ಮೊದಲ ಅಂಚೆಚೀಟಿ 1840ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ಭಾರತದಲ್ಲಿ ಸಿಂಧ್ ಪ್ರಾಂತದ 1852ರ ಪ್ರಯೋಗದ ತರುವಾಯ, ದೇಶಕ್ಕೆಲ್ಲ ಸಲ್ಲುವ ಚೀಟಿಗಳು 1854ರಲ್ಲಿ ಬಳಕೆಗೆ ಬಂದವು. ಅಂದಿನಿಂದ ಇಂದಿನವರೆಗೆ ಬಂದ ಚೀಟಿಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಒಬ್ಬ ವ್ಯಕ್ತಿಯ ಅಥವಾ ಒಂದು ಘಟನೆಯ ನೆನಪಿಗಾಗಿ ಒಮ್ಮೆ ಅಚ್ಚಾಗಿ ನಿಂತುಹೋಗುವವು ಸ್ಮಾರಕ ಚೀಟಿಗಳು. ಕಾಲಾಣೆಯಿಂದ ಹಿಡಿದು ಹಲವು ರೂಪಾಯಿಗಳವರೆಗೆ ವಿವಿಧ ಬೆಲೆಗಳಲ್ಲಿ ವರ್ಷಾನುಗಟ್ಟಲೆ ಅಚ್ಚಾಗುತ್ತ, ದಿನನಿತ್ಯದ ಪತ್ರಗಳಿಗೆ ಅಂಟುವವು ನಿತ್ಯಬಳಕೆಯ ಚೀಟಿಗಳು. ಎಳೆಯ ಸಂಗ್ರಾಹಕನ ಕಣ್ಣು ಮೊದಲನೆಯದರ ಅಂದಕ್ಕೆ ಮರುಳಾಗುತ್ತದೆ. ಆದರೆ ಕಾಲವನ್ನು ತೋರುವ ಕನ್ನಡಿ ಎರಡನೆಯದು. ಅದು ಒಂದೇ ಚೀಟಿಯಲ್ಲ, ಮಾಲೆ. ಮಾಲೆಯೊಂದರ ಎಲ್ಲ ಬೆಲೆಗಳನ್ನೂ ಸಾಲಾಗಿ ಜೋಡಿಸಿ, ಅದರ ಪಕ್ಕದಲ್ಲಿ ಮುಂದಿನ ಕಾಲದ ಮಾಲೆಯನ್ನಿಟ್ಟಾಗ, ಒಂದು ದೇಶ ತನ್ನನ್ನು ತಾನು ಹೇಗೆ ಕಂಡುಕೊಂಡಿತೆಂಬುದು ಸ್ಪಷ್ಟವಾಗುತ್ತದೆ.

1937ರ ಮಾಲೆಯನ್ನು ತೆಗೆದುಕೊಳ್ಳೋಣ. ಎಲ್ಲ ಚೀಟಿಗಳ ಮೇಲೂ ಆರನೆಯ ಜಾರ್ಜ್ ದೊರೆಯ ಮುಖವುಂಟು. ಮಧ್ಯದ ಬೆಲೆಗಳಲ್ಲಿ ಮಾತ್ರ ದೊರೆಯ ಜೊತೆಗೆ ಅಂಚೆಯ ವಾಹನಗಳು ಕಾಣುತ್ತವೆ: ಎರಡಾಣೆಗೆ ಓಡುವ ಅಂಚೆಯಾಳು, ಎರಡೂವರೆ ಆಣೆಗೆ ಎತ್ತಿನ ಗಾಡಿ, ಮೂರಾಣೆಗೆ ಟಾಂಗಾ, ಮೂರೂವರೆಗೆ ಒಂಟೆ, ಮುಂದಕ್ಕೆ ರೈಲು, ಹಡಗು, ಲಾರಿ, ಕಡೆಗೆ ಹನ್ನೆರಡಾಣೆಗೆ ವಿಮಾನ. ಬೆಲೆ ಏರಿದಂತೆ ವೇಗವೂ ಬಹುಮಟ್ಟಿಗೆ ಏರುತ್ತದೆ. ಆದರೆ ನಾಡಿನ ಜನರು ಇಲ್ಲಿ ಪತ್ರ ಹೊರುವ ಆಳುಗಳಾಗಿ ಮಾತ್ರ ಕಾಣುತ್ತಾರೆ, ಮುಖ ದೊರೆಯದು.

1949ರ ಆಗಸ್ಟ್ 15ರಂದು ಬಂದ ಮಾಲೆಯಲ್ಲಿ ದೊರೆಯ ಮುಖವಿಲ್ಲ. ಮೂರು ಪೈಯಿಂದ ಹದಿನೈದು ರೂಪಾಯಿಯವರೆಗಿನ ಹದಿನಾರು ಚೀಟಿಗಳಲ್ಲಿ ಅಜಂತೆಯ ಆನೆ, ಕೊನಾರ್ಕದ ಕುದುರೆ, ನಟರಾಜ, ಸಾಂಚಿಯ ದ್ವಾರ, ಅಮೃತಸರದ ಸ್ವರ್ಣಮಂದಿರ, ತಾಜಮಹಲು, ಶತ್ರುಂಜಯದ ಜಿನಾಲಯಗಳು ಸಾಲುಗಟ್ಟಿವೆ. ಹಿಂದೂ, ಬೌದ್ಧ, ಜೈನ, ಸಿಖ್, ಮುಸ್ಲಿಂ ಶಿಲ್ಪಗಳಿಗೆಲ್ಲ ಅಲ್ಲಿ ಸ್ಥಾನವುಂಟು. ವಿಭಜನೆಯ ಗಾಯ ಮಾಯದಿದ್ದ ಆ ದಿನಗಳಲ್ಲಿ ಈ ಆಯ್ಕೆಗೆ ಇದ್ದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆರಾಣೆಯ ಚೀಟಿಯಲ್ಲಿ ವಿಜಾಪುರದ ಗೋಲಗುಮ್ಮಟವಿದೆ. ಅಂದು ವಿಜಾಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ನಾಡು ಒಂದಾಗುವುದಕ್ಕೆ ಏಳು ವರ್ಷ ಮೊದಲೇ ಕನ್ನಡ ನೆಲದ ಕಟ್ಟಡವೊಂದು ದೇಶದ ಮನೆಮನೆಗೂ ಹೋಯಿತು.

ಇದೇ ಮಾಲೆಯ ಒಂದಾಣೆಯ ಚೀಟಿ ಸಂಗ್ರಾಹಕರಿಗೆ ಒಳ್ಳೆಯ ಪಾಠ. ಅದರಲ್ಲಿ ಬೋಧಿಸತ್ತ್ವನ ವಿಗ್ರಹ ಎಡಬಲ ತಿರುವುಮುರುವಾಗಿ ಅಚ್ಚಾಯಿತು. ತಪ್ಪನ್ನು ಕಂಡುಕೊಂಡ ಮೇಲೆ 1950ರಲ್ಲಿ ಸರಿಪಡಿಸಿದ ಚೀಟಿಯನ್ನು ಹೊರಡಿಸಲಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದವನಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

1955ರ ಜನವರಿ 26ರ ಮಾಲೆಯ ವಿಷಯ ಪಂಚವಾರ್ಷಿಕ ಯೋಜನೆ. ಗುಡಿಗೋಪುರಗಳ ಜಾಗಕ್ಕೆ ಟ್ರಾಕ್ಟರು, ಅಣೆಕಟ್ಟು, ರೈಲು ಎಂಜಿನ್ನಿನ ಕಾರ್ಖಾನೆಗಳು ಬಂದವು. ಹನ್ನೆರಡಾಣೆಯ ಚೀಟಿಯಲ್ಲಿರುವುದು ಬೆಂಗಳೂರಿನ ವಿಮಾನ ಕಾರ್ಖಾನೆ. ಈ ಮಾಲೆಯನ್ನು ಕೊಳ್ಳೇಗಾಲದಂತಹ ನೇಕಾರರ ಊರಿನವರು ವಿಶೇಷವಾಗಿ ಗಮನಿಸಬೇಕು. ಆರು ಪೈಯ ಚೀಟಿಯಲ್ಲಿ ವಿದ್ಯುತ್ ಮಗ್ಗವಿದ್ದರೆ ಮೂರಾಣೆಯದರಲ್ಲಿ ಕೈಮಗ್ಗದ ಮುಂದೆ ಕುಳಿತ ನಾಗಾ ಹೆಣ್ಣುಮಗಳಿದ್ದಾಳೆ. ಯಂತ್ರವೂ ಇರಲಿ, ಕೈಕಸುಬೂ ಉಳಿಯಲಿ ಎಂಬ ಅಂದಿನ ಆಶಯ ಒಂದೇ ಮಾಲೆಯಲ್ಲಿ ಅಡಕವಾಗಿದೆ. ಆ ಎರಡರ ನಡುವಿನ ಜಗ್ಗಾಟವನ್ನು ರೇಷ್ಮೆ ನೇಯುವ ಮನೆಗಳು ಮುಂದೆ ಅನುಭವದಿಂದಲೇ ಅರಿತವು. 1980ರಲ್ಲಿ ಬಂದ ಎರಡು ರೂಪಾಯಿಯ ಚೀಟಿಯಲ್ಲಿ ನೇಯ್ಗೆ ಮತ್ತೆ ಕಾಣಿಸಿಕೊಂಡಿತು. ಆ ಹೊತ್ತಿಗೆ ಅದರ ಸುತ್ತಲಿನ ಮಾಲೆ ಬೇಸಾಯ, ಹೈನು, ಮೀನು, ನೀರಾವರಿಗಳದು. ಮಗ್ಗ ಈಗ ಕಾರ್ಖಾನೆಗಳ ನಡುವೆ ಅಲ್ಲ, ಗ್ರಾಮಜೀವನದ ನಡುವೆ ನಿಂತಿತ್ತು.

1957ರ ಏಪ್ರಿಲ್ 1ರಂದು ಆಣೆ, ಪೈಗಳು ಹೋಗಿ ನಯಾಪೈಸೆ ಬಂದಿತು. ಅಂದೇ ಹೊರಟ ಮಾಲೆಯ ಎಲ್ಲ ಚೀಟಿಗಳಲ್ಲಿಯೂ ಭಾರತದ ನಕ್ಷೆಯೊಂದೇ ಚಿತ್ರ. ಭಾಷಾವಾರು ಪ್ರಾಂತಗಳ ರಚನೆಯಾಗಿ ಐದೇ ತಿಂಗಳು ಕಳೆದಿತ್ತೆಂಬುದನ್ನು ನೆನೆದರೆ, ಒಳಗಡಿಗಳಿಲ್ಲದ ಆ ನಕ್ಷೆ ಮತ್ತಷ್ಟು ಅರ್ಥಪೂರ್ಣವಾಗಿ ಕಾಣುತ್ತದೆ. 1965ರಿಂದ ಮೊದಲಾದ ಮಾಲೆಯಲ್ಲಿ ಕರ್ನಾಟಕದ ಪಾಲು ಹೆಚ್ಚಿತು. ಎರಡು ಪೈಸೆಗೆ ಬಿದರಿ ಹೂಜಿ, ನಾಲ್ಕು ಪೈಸೆಗೆ ಕಾಫಿಯ ಹಣ್ಣು, ಇಪ್ಪತ್ತು ಪೈಸೆಗೆ ಬೆಂಗಳೂರಿನಲ್ಲಿ ತಯಾರಾದ ನ್ಯಾಟ್ ವಿಮಾನ. ಎಂಟು ಪೈಸೆಯ ಚುಕ್ಕೆ ಜಿಂಕೆಯನ್ನು ಬಿಳಿಗಿರಿರಂಗನ ಬೆಟ್ಟದ ಕಾಡಂಚಿನ ಮಕ್ಕಳಿಗೆ ಪರಿಚಯಿಸಬೇಕಾದ ಅಗತ್ಯವೇ ಇಲ್ಲ.

ಸ್ಮಾರಕ ಚೀಟಿಗಳನ್ನೂ ಹೀಗೆಯೇ ಕಾಲಾನುಕ್ರಮದಲ್ಲಿ ಓದಬಹುದು. 1952ರಲ್ಲಿ ಸಂತರು ಮತ್ತು ಕವಿಗಳ ಆರು ಚೀಟಿಗಳು ಬಂದಾಗ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ಠಾಕೂರರಿಗೆ ಸ್ಥಾನ ದೊರಕಿತು. ದಕ್ಷಿಣದ ಒಬ್ಬ ಕವಿಯೂ ಅದರಲ್ಲಿರಲಿಲ್ಲ. ಅನಂತರ 1960ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಶತಮಾನೋತ್ಸವದ ಚೀಟಿ ಅವರು ಬದುಕಿರುವಾಗಲೇ ಬಂದಿತು. 1964ರಲ್ಲಿ ಪುರಂದರದಾಸರು, 1967ರ ಮೇ 11ರಂದು ಬಸವೇಶ್ವರರು. ಲಿಂಗೈಕ್ಯರಾಗಿ ಎಂಟುನೂರು ವರ್ಷಗಳಾದ ಸ್ಮರಣೆಗಾಗಿ ಹೊರಬಂದ ಈ ಹದಿನೈದು ಪೈಸೆಯ ಚೀಟಿ, ಸಂಗ್ರಾಹಕರ ಪೇಟೆಯಲ್ಲಿ ದುಬಾರಿಯದೇನಲ್ಲ. ಆದರೆ ಕಾಯಕದ ಹಿರಿಮೆಯನ್ನು ಸಾರಿದ ಮಹಾತ್ಮನ ಹೆಸರು ಕನ್ನಡದ ಗಡಿಯನ್ನು ದಾಟಿ ದೇಶದ ದೂರದೂರದ ಊರುಗಳಿಗೆ ತಲುಪಿತೆಂಬುದೇ ಅದರ ಬೆಲೆ.

ನೋಡುವ ಕಣ್ಣು

ಮಾಲೆಗಳನ್ನು ಹೋಲಿಸುವವನು ಚಿತ್ರವನ್ನಷ್ಟೇ ನೋಡಿದರೆ ಸಾಲದು. ನಕ್ಷೆಯ ಮಾಲೆಯನ್ನೇ ನೋಡಿ. 1957ರಲ್ಲಿ ಅಚ್ಚಾದ ಕಾಗದದೊಳಗೆ ನಕ್ಷತ್ರಗಳ ನೀರುಗುರುತಿದ್ದರೆ, 1958ರಿಂದ ಬಂದವುಗಳಲ್ಲಿ ಅಶೋಕನ ಸಿಂಹಶೀರ್ಷದ ನೀರುಗುರುತು ಇದೆ. ಮೇಲ್ನೋಟಕ್ಕೆ ಎರಡೂ ಒಂದೇ. ಬೆಳಕಿಗೆ ಹಿಡಿದಾಗ ಮಾತ್ರ ಬೇರೆ. ಚೀಟಿಯ ಅಂಚಿನ ಹಲ್ಲುಗಳನ್ನು ಎರಡು ಸೆಂಟಿಮೀಟರಿನ ಅಳತೆಯಲ್ಲಿ ಎಣಿಸಿ ಅಚ್ಚಿನ ಭೇದವನ್ನು ಗುರುತಿಸುತ್ತಾರೆ. ಬಣ್ಣದ ಛಾಯೆ, ಮೇಲಚ್ಚು ಇವೂ ಗಮನಾರ್ಹ. 1971ರ ನವೆಂಬರಿನಲ್ಲಿ, ಬಾಂಗ್ಲಾದೇಶದ ನಿರಾಶ್ರಿತರ ನೆರವಿಗೆಂದು ಪತ್ರಗಳಿಗೆ ಐದು ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾದಾಗ, ಕುಟುಂಬ ಯೋಜನೆಯ ಚೀಟಿಯ ಮೇಲೆಯೇ ಅಚ್ಚೊತ್ತಿ ಬಳಸಿದರು. ಬೆಂಗಳೂರಿನಲ್ಲಿ ಸ್ಥಳೀಯವಾಗಿ ಮೇಲಚ್ಚಾದವು ಬೇರೆಯೇ ಒಂದು ಬಗೆ. ಅಂತಹ ಸಣ್ಣ ವ್ಯತ್ಯಾಸವನ್ನು ಕಾಣಲು ತಾಳ್ಮೆ ಬೇಕು. ಈ ತಾಳ್ಮೆಯೇ ವಿದ್ಯಾರ್ಥಿಗೆ ಈ ಹವ್ಯಾಸ ನೀಡುವ ಮೊದಲ ಫಲ. ಎರಡು ವಸ್ತುಗಳನ್ನು ಪಕ್ಕದಲ್ಲಿಟ್ಟು ಸಾಮ್ಯವನ್ನೂ ಭೇದವನ್ನೂ ಹೇಳಬಲ್ಲವನು ಸಸ್ಯಶಾಸ್ತ್ರದಲ್ಲಿಯೂ ಶಾಸನಪಾಠದಲ್ಲಿಯೂ ಹಿಂದೆ ಬೀಳಲಾರ.

ಲಕೋಟೆಯನ್ನು ಹರಿಯಬಾರದು

ಆದರೆ ಹಳೆಯ ಸಂಗ್ರಾಹಕರಲ್ಲಿ ಹಲವರು ಒಂದು ತಪ್ಪನ್ನು ಮಾಡಿದರು. ಪತ್ರದಿಂದ ಚೀಟಿಯನ್ನು ಕತ್ತರಿಸಿ, ನೀರಿನಲ್ಲಿ ತೇಲಿಬಿಟ್ಟು, ಒತ್ತುಕಾಗದದಲ್ಲಿ ಒಣಗಿಸಿ ಆಲ್ಬಮಿಗೆ ಅಂಟಿಸಿದರು. ಲಕೋಟೆಯನ್ನು ಒಲೆಗೆ ಹಾಕಿದರು. ಚೀಟಿ ಉಳಿಯಿತು, ಊರು ಅಳಿಯಿತು. ಏಕೆಂದರೆ ಚೀಟಿ ದೇಶಕ್ಕೆಲ್ಲ ಒಂದೇ. ಊರಿನ ಹೆಸರು ಇರುವುದು ಅಂಚೆಕಚೇರಿಯ ಮೊಹರಿನಲ್ಲಿ ಮತ್ತು ವಿಳಾಸದಲ್ಲಿ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದೊಳಗಿತ್ತು. ಅಲ್ಲಿ ನಡೆಯುತ್ತಿದ್ದುದು ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಸಂಸ್ಥಾನದ ಅಂಚೆ. ಹೈದರಾಬಾದು, ತಿರುವಾಂಕೂರು ಸಂಸ್ಥಾನಗಳು ತಮ್ಮದೇ ಚೀಟಿಗಳನ್ನು ಹೊರಡಿಸಿದವು. ಮೈಸೂರು ಹಾಗೆ ಮಾಡಲಿಲ್ಲ. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಯಿತು. ಕೆಲವೇ ಹರಿದಾರಿಗಳಾಚೆಗಿನ ಕೊಳ್ಳೇಗಾಲ ಮತ್ತು ಹನೂರುಗಳು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. 1972ರಲ್ಲಿ ಪಿನ್‌ಕೋಡು ಜಾರಿಗೆ ಬಂದಾಗ ಕೊಳ್ಳೇಗಾಲಕ್ಕೆ 571440, ಯಳಂದೂರಿಗೆ 571441, ಹನೂರಿಗೆ 571439 ಎಂಬ ನೆರೆಹೊರೆಯ ಅಂಕೆಗಳು ಸಂದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಚಾಮರಾಜನಗರವಾಯಿತು. ಮುಂದೆ ಹನೂರು ತಾನೇ ತಾಲ್ಲೂಕಾಯಿತು.

ಇಷ್ಟೆಲ್ಲವೂ ಒಂದು ಮನೆಯ ಅಟ್ಟದ ಮೇಲಿನ ಪತ್ರಗಳ ಕಟ್ಟಿನಲ್ಲಿ ಸಾಲಾಗಿ ದೊರೆಯಬಹುದು. ಕೊಯಮತ್ತೂರು ಜಿಲ್ಲೆ ಎಂಬ ವಿಳಾಸದ ಮೇಲೆ ದೊರೆಯ ಮುಖ. ಅದೇ ವಿಳಾಸದ ಮೇಲೆ ಸ್ವತಂತ್ರ ಭಾರತದ ಗುಡಿಗೋಪುರ. ಮೈಸೂರು ಜಿಲ್ಲೆ ಎಂಬ ಹೊಸ ವಿಳಾಸದ ಮೇಲೆ ನಯಾಪೈಸೆಯ ನಕ್ಷೆ. ರೇಷ್ಮೆ ವ್ಯಾಪಾರದ ಲೆಕ್ಕದ ಕಾರ್ಡುಗಳು, ಮದುವೆಯ ಕರೆಯೋಲೆಗಳು, ಊರಿಗೆ ದೂರವಾದ ಮಗ ತಾಯಿಗೆ ಬರೆದ ಇನ್‌ಲ್ಯಾಂಡು ಕಾಗದಗಳು: ಇವೇ ಈ ಸೀಮೆಯ ನಿಜವಾದ ಮಾಲೆಗಳು. ಇವುಗಳನ್ನು ಯಾವ ಮುದ್ರಣಾಲಯವೂ ಅಚ್ಚುಮಾಡಲಿಲ್ಲ, ಯಾವ ಅಂಗಡಿಯೂ ಮಾರುವುದಿಲ್ಲ.

ಈ ಮಾಲೆಗೆ ಇನ್ನು ಹೊಸ ಕಾಗದಗಳು ಸೇರುವುದು ಬಹಳ ಅಪರೂಪ. 2013ರಲ್ಲಿ ತಂತಿ ಸೇವೆ ನಿಂತಿತು. 2025ರಲ್ಲಿ ನೋಂದಾಯಿತ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಕಚೇರಿಯಿಂದ ಹೊರಡುವ ಲಕೋಟೆಯ ಮೇಲೆ ಇಂದು ಚೀಟಿಗೆ ಬದಲಾಗಿ ಗೆರೆಗಳ ಮುದ್ರೆ ಇರುತ್ತದೆ. ಪತ್ರ ಬರೆಯುವವರು ಕಡಮೆಯಾದರು. ಇರುವ ಹಳೆಯ ಪತ್ರಗಳಾದರೋ ಮನೆ ಕೆಡವಿ ಕಟ್ಟುವಾಗ ಹಳೆಯ ಕಾಗದದ ತೂಕಕ್ಕೆ ಹೋಗುತ್ತಿವೆ. ಉಳಿದವನ್ನು ಗೆದ್ದಲು ಮತ್ತು ಬೆಳ್ಳಿಮೀನುಹುಳುಗಳು ತಿನ್ನುತ್ತಿವೆ.

ಇವುಗಳನ್ನು ಕಾಪಾಡಲು ಹೆಚ್ಚಿನ ವೆಚ್ಚ ಬೇಕಾಗಿಲ್ಲ. ಲಕೋಟೆಯನ್ನು ಇದ್ದಂತೆಯೇ ಇಡಬೇಕು, ಚೀಟಿಯನ್ನು ಕೀಳಬಾರದು. ಗೋಂದು, ಅಂಟುಪಟ್ಟಿ, ಗುಂಡುಸೂಜಿಗಳನ್ನು ತಾಗಿಸಬಾರದು. ಒಣಗಿದ, ಬಿಸಿಲು ಬೀಳದ ಕಡೆ, ಒಂದೊಂದನ್ನೂ ಬಿಳಿಯ ಕಾಗದದ ನಡುವೆ ಇರಿಸಿ, ಯಾವ ಮನೆಯದು, ಯಾವ ವರ್ಷದ್ದು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ಮನೆಯ ಗುಟ್ಟಿನ ಮಾತುಗಳಿದ್ದರೆ ಒಳಗಿನ ಕಾಗದವನ್ನು ತೆಗೆದು ಹೊರಗಿನ ಲಕೋಟೆಯನ್ನು ಮಾತ್ರ ಕೊಡಬಹುದು.

ಆರಂಭದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬೆಲೆ ಏರಲೆಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಚೀಟಿ ಬರಿಯ ಗಂಟು. ಅದೇ ಚೀಟಿ ಶಾಲೆಯ ಮೇಜಿನ ಮೇಲೆ ಹತ್ತು ಮಕ್ಕಳ ಕಣ್ಣಿಗೆ ಬಿದ್ದಾಗ ವಿದ್ಯೆ. ಅಧ್ಯಾಪಕರು ವರ್ಷಕ್ಕೊಂದು ದಿನ ಈ ಮಾಲೆಗಳನ್ನು ಜೋಡಿಸಿ ಪಾಠ ಹೇಳಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಅಟ್ಟದ ಕಟ್ಟುಗಳನ್ನು ಇಳಿಸಬಹುದು. ದಾನಿಗಳು ಒಂದು ಗಾಜಿನ ಬೀರುವನ್ನು ನೀಡಬಹುದು. ಅನ್ನದಾಸೋಹ, ಅಕ್ಷರದಾಸೋಹಗಳನ್ನು ಕಂಡ ನೆಲಕ್ಕೆ ಇದು ಹೊಸ ಮಾತೇನಲ್ಲ. ಅಜ್ಜನ ಊರಿನ ಹೆಸರನ್ನು ಹಳೆಯ ಮೊಹರಿನ ಮಸಿಯಲ್ಲಿ ಬಿಡಿಸಿ ಓದಿದ ಬಾಲಕ ಅಂದಿನ ಪಾಠವನ್ನು ಬಹುಕಾಲ ಮರೆಯಲಾರ.