ಮನೆಯ ಸಂಗ್ರಹ ಸರ್ವರಿನ ಬೂಟ್ ಡ್ರೈವ್: ಅದರ ಪ್ರತಿ ಮತ್ತು ಪುನಃಸ್ಥಾಪನೆ

ತಾಳೆಯೋಲೆಯ ಕಟ್ಟನ್ನು ಬಿಚ್ಚಿ ಓದಿ ಬಲ್ಲವರಿಗೆ ಒಂದು ಸಂಗತಿ ವಿದಿತವೇ ಆಗಿದೆ. ಗರಿಗಳೆಲ್ಲ ಕ್ಷೇಮವಾಗಿದ್ದರೂ ಅವನ್ನು ಪೋಣಿಸಿದ ದಾರ ಕಡಿದುಹೋದರೆ ಅವು ಚದರಿ ಗ್ರಂಥವು ಓದಲು ಬಾರದಂತಾಗುತ್ತದೆ. ದಾರವು ಅಲ್ಪವಸ್ತುವೆಂದು ಯಾರೂ ಅದನ್ನು ಲಕ್ಷಿಸುವುದಿಲ್ಲ. ಕಡಿದ ದಿನವೇ ಅದರ ಬೆಲೆ ತಿಳಿಯುವುದು. ಇಂದು ಓಲೆಪ್ರತಿಗಳ ಛಾಯಾಚಿತ್ರಗಳನ್ನೂ ಹಳೆಯ ಟಿಪ್ಪಣಿಗಳನ್ನೂ ಧ್ವನಿಮುದ್ರಣಗಳನ್ನೂ ಮನೆಯಲ್ಲಿಯೇ ಒಂದು ಸಂಗ್ರಹ ಸರ್ವರಿನಲ್ಲಿ ಇರಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಯಂತ್ರದಲ್ಲಿಯೂ ಇಂತಹದೊಂದು ದಾರವುಂಟು. ಅದನ್ನು ಬೂಟ್ ಡ್ರೈವ್ ಎನ್ನುತ್ತಾರೆ. ಅದರ ಪ್ರತಿಯನ್ನು ಇರಿಸುವ ಬಗೆಯನ್ನೂ ಕೆಟ್ಟಾಗ ಮರಳಿ ನಿಲ್ಲಿಸುವ ಬಗೆಯನ್ನೂ ಪ್ರಕೃತ ಲೇಖನದಲ್ಲಿ ವಿವರಿಸಲಾಗಿದೆ.

ಯಂತ್ರದ ಎರಡು ಭಾಗಗಳು

ಸಂಗ್ರಹ ಸರ್ವರಿನಲ್ಲಿ ಎರಡು ಬಗೆಯ ಡ್ರೈವುಗಳಿರುತ್ತವೆ. ದೊಡ್ಡ ಹಾರ್ಡ್ ಡಿಸ್ಕುಗಳಲ್ಲಿ ನಮ್ಮ ಕಡತಗಳಿರುತ್ತವೆ. ಚಿಕ್ಕದಾದ ಬೂಟ್ ಡ್ರೈವಿನಲ್ಲಿ ಯಂತ್ರವನ್ನು ಎಬ್ಬಿಸಿ ನಡೆಸುವ ತಂತ್ರಾಂಶವೂ ನಾವು ಮಾಡಿಕೊಂಡ ಏರ್ಪಾಡುಗಳೂ ಇರುತ್ತವೆ. ಬಳಕೆದಾರರು ಯಾರು, ಅವರ ಪಾಸ್‌ವರ್ಡ್ ಯಾವುದು, ಯಾವ ಕಡತಕೋಶವನ್ನು ಯಾರು ತೆರೆಯಬಹುದು, ಯಾವ ಹೊತ್ತಿಗೆ ಯಾವ ಕೆಲಸ ನಡೆಯಬೇಕು ಎಂಬಿವೆಲ್ಲ ಈ ಏರ್ಪಾಡುಗಳಲ್ಲಿ ಸೇರುತ್ತವೆ. 2005ರಲ್ಲಿ ಫ್ರೀನಾಸ್ ಎಂಬ ಹೆಸರಿನಿಂದ ಹೊರಟು ಈಗ ಟ್ರೂನಾಸ್ ಎನಿಸಿಕೊಂಡಿರುವ ಉಚಿತ ತಂತ್ರಾಂಶದಲ್ಲಿ ಈ ವಿಭಜನೆ ಸ್ಪಷ್ಟವಾಗಿದೆ.

ಬೂಟ್ ಡ್ರೈವ್ ಕೆಟ್ಟ ಮಾತ್ರಕ್ಕೆ ದೊಡ್ಡ ಡಿಸ್ಕುಗಳಲ್ಲಿನ ಕಡತಗಳು ನಾಶವಾಗುವುದಿಲ್ಲ ಎಂಬುದು ಇಲ್ಲಿ ಮೊದಲು ತಿಳಿಯಬೇಕಾದ ಸಮಾಧಾನದ ಮಾತು. ಲಿಪಿಕಾರರು ಗರಿಯ ಅಂಚಿನಲ್ಲಿ ಅದರ ಸಂಖ್ಯೆಯನ್ನು ಕೊರೆದಿರುತ್ತಿದ್ದುದರಿಂದ ದಾರ ಕಡಿದರೂ ಗರಿಗಳನ್ನು ಮತ್ತೆ ಕ್ರಮಕ್ಕೆ ತರುವುದು ಸಾಧ್ಯವಾಗುತ್ತಿತ್ತು. ಅಂತೆಯೇ ಟ್ರೂನಾಸ್ ಬಳಸುವ ಜ಼ೆಡ್‌ಎಫ್‌ಎಸ್ ಪದ್ಧತಿಯಲ್ಲಿ, ತಾನು ಯಾವ ಗುಂಪಿಗೆ ಸೇರಿದ್ದು ಎಂಬ ಗುರುತು ಪ್ರತಿಯೊಂದು ಡಿಸ್ಕಿನಲ್ಲಿಯೂ ಬರೆದಿರುತ್ತದೆ. ಹೊಸ ಬೂಟ್ ಡ್ರೈವ್ ಹಾಕಿದಾಗ ತಂತ್ರಾಂಶವು ಆ ಗುರುತುಗಳನ್ನು ಓದಿ ಡಿಸ್ಕುಗಳನ್ನು ಒಂದುಗೂಡಿಸುತ್ತದೆ. ಆದರೆ ಗುಪ್ತಲಿಪಿಯಲ್ಲಿ ಬೀಗ ಹಾಕಿದ ಭಾಗವಿದ್ದರೆ, ಅದರ ಕೀಲಿಯಿಲ್ಲದೆ ಡಿಸ್ಕುಗಳು ಕೂಡಿಕೊಂಡರೂ ಆ ಭಾಗ ತೆರೆಯದು. ಸಾಮಾನ್ಯವಾಗಿ ಆ ಕೀಲಿ ಇರುವುದು ಬೂಟ್ ಡ್ರೈವಿನ ಏರ್ಪಾಡುಗಳಲ್ಲಿಯೇ.

ನನ್ನ ಅನುಭವ

ಈ ಮಾತನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಪರಿಚಿತರೊಬ್ಬರ ಮನೆಯಲ್ಲಿದ್ದ ಒಂದು ಓಲೆಕಟ್ಟಿನ ಎಪ್ಪತ್ತಕ್ಕೂ ಹೆಚ್ಚು ಗರಿಗಳನ್ನು ಛಾಯಾಚಿತ್ರ ತೆಗೆದು ಸರ್ವರಿನಲ್ಲಿ ಇರಿಸಿದ್ದೆನು. ಅನ್ಯರಿಗೆ ತೋರಿಸಕೂಡದೆಂದು ಮನೆಯವರು ಕೇಳಿಕೊಂಡಿದ್ದರಿಂದ ಆ ಭಾಗಕ್ಕೆ ಬೀಗ ಹಾಕಿದ್ದೆನು. ಮಳೆಗಾಲದ ಒಂದು ರಾತ್ರಿ ಟೇಕಲ್ಲಿನ ನಮ್ಮ ಮನೆಯಲ್ಲಿ ವಿದ್ಯುತ್ತು ಮೇಲಿಂದ ಮೇಲೆ ಹೋಗಿ ಬಂದಿತು. ಬೆಳಗ್ಗೆ ಯಂತ್ರ ಏಳಲಿಲ್ಲ. ಬೂಟ್ ಡ್ರೈವಾಗಿ ನಾನು ಬಳಸುತ್ತಿದ್ದುದು ಒಂದು ಹಳೆಯ ಪೆನ್ ಡ್ರೈವ್, ಅದು ಸತ್ತಿತ್ತು.

ಏರ್ಪಾಡುಗಳ ಎರಡು ಪ್ರತಿಗಳು ನನ್ನಲ್ಲಿದ್ದವು. ಮೇಜಿನ ಸೆಳೆಖಾನೆಯಲ್ಲಿದ್ದ ಹಳೆಯ ಪ್ರತಿಯನ್ನು ಇಳಿಸಿಕೊಳ್ಳುವಾಗ ಕೀಲಿಗೆ ಸಂಬಂಧಿಸಿದ ಬೀಜವನ್ನು ಸೇರಿಸಿರಲಿಲ್ಲ. ಸರಿಯಾದ ಹೊಸ ಪ್ರತಿಯನ್ನು ಅದೇ ಸರ್ವರಿನ ಬೀಗ ಹಾಕಿದ ಭಾಗದಲ್ಲಿಯೇ ಇರಿಸಿದ್ದೆನು. ಬೆಂಗಳೂರಿನಿಂದ ರೈಲಿನಲ್ಲಿ ಬಂದ ನನ್ನ ತಂಗಿಯ ಮಗನು ಎಲ್ಲವನ್ನೂ ನೋಡಿ, “ಮಾವ, ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಮುಚ್ಚಿದ್ದೀರಿ” ಎಂದನು. ಮಿಕ್ಕ ಕಡತಗಳೆಲ್ಲ ಮರಳಿ ದೊರೆತವು. ಬೀಗ ಹಾಕಿದ ಭಾಗ ಮಾತ್ರ ಇಂದಿಗೂ ತೆರೆದಿಲ್ಲ. ಸಂಕೋಚದಿಂದಲೇ ಆ ಮನೆಗೆ ಹೋಗಿ ಎರಡನೆಯ ಸಲ ಚಿತ್ರ ತೆಗೆಯಲು ಅಪ್ಪಣೆ ಬೇಡಿದೆನು. ನಡುವಿನ ಎರಡು ವರ್ಷಗಳಲ್ಲಿ ಹುಳುಗಳು ಹಲವು ಗರಿಗಳ ಅಂಚನ್ನು ತಿಂದುಹಾಕಿದ್ದವು. ಮೊದಲ ಚಿತ್ರಗಳಲ್ಲಿ ನಾನೇ ಕಣ್ಣಾರೆ ಓದಿದ್ದ ಕೆಲವು ಸಾಲುಗಳು ಎರಡನೆಯ ಚಿತ್ರಗಳಲ್ಲಿ ಇಲ್ಲ.

ಪ್ರತಿ ಇರಿಸುವ ಕ್ರಮ

ಟ್ರೂನಾಸ್‌ನಲ್ಲಿ ಸಿಸ್ಟಮ್ ವಿಭಾಗದ ಜನರಲ್ ಪುಟಕ್ಕೆ ಹೋಗಿ ಏರ್ಪಾಡುಗಳ ಕಡತವನ್ನು ಇಳಿಸಿಕೊಳ್ಳಬಹುದು. ಕಡತ ಅತಿ ಚಿಕ್ಕದು. ಕೆಲಸ ಒಂದು ನಿಮಿಷದ್ದು. ಇಳಿಸುವಾಗ ‘ಪಾಸ್‌ವರ್ಡ್ ಸೀಕ್ರೆಟ್ ಸೀಡ್’ ಎಂಬ ಚೌಕದಲ್ಲಿ ತಪ್ಪದೆ ಗುರುತು ಹಾಕತಕ್ಕದ್ದು. ನಾನು ಮೇಲೆ ಬೀಜವೆಂದು ಕರೆದುದು ಇದನ್ನೇ. ಇದಿಲ್ಲದ ಪ್ರತಿಯಿಂದ ಹೊಸ ಡ್ರೈವಿನಲ್ಲಿ ಬೀಗ ತೆರೆಯಲು ಆಗುವುದಿಲ್ಲ. ಬೀಗ ಹಾಕಿದ ಭಾಗದ ಕೀಲಿಯನ್ನು ಬೇರೆ ಕಡತವಾಗಿಯೂ ಇಳಿಸಿಕೊಳ್ಳುವುದು ಕ್ಷೇಮ. ಬೀಜ ಸೇರಿದ ಪ್ರತಿಯು ರಹಸ್ಯಗಳನ್ನು ಒಳಗೊಂಡಿರುವುದರಿಂದ ಅದನ್ನು ಕಂಡವರ ಕೈಗೆ ಕೊಡಬಾರದು.

ಪ್ರತಿಯನ್ನು ಆ ಸರ್ವರಿನ ಹೊರಗೆ ಇರಿಸಬೇಕು: ಒಂದು ಮನೆಯಲ್ಲಿ ಬೇರೆ ಸಾಧನದಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ನಂಬಿಕೆಯವರ ಬಳಿ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತರಲು ಸಾಧ್ಯವಾದುದು, ಓಲೆಗಳು ಒಂದೇ ಭಂಡಾರದಲ್ಲಿರದೆ ಹಲವು ಮನೆಗಳಲ್ಲಿ ಹರಡಿ ಉಳಿದಿದ್ದುದರಿಂದ ಎಂಬುದನ್ನು ಇಲ್ಲಿ ನೆನೆಯಬಹುದು. ಏರ್ಪಾಡು ಬದಲಾಯಿಸಿದಾಗಲೆಲ್ಲ, ಹಾಗೂ ತಂತ್ರಾಂಶದ ಹೊಸ ಆವೃತ್ತಿಗೆ ಹೋಗುವ ಮುನ್ನ, ಹೊಸ ಪ್ರತಿಯನ್ನು ತೆಗೆದು ಅದರ ಮೇಲೆ ದಿನಾಂಕವನ್ನೂ ಆವೃತ್ತಿಯ ಸಂಖ್ಯೆಯನ್ನೂ ಬರೆಯಬೇಕು.

ಡೆಬಿಯನ್ ಆಧಾರದ ಓಪನ್‌ಮೀಡಿಯಾವಾಲ್ಟ್ ಮೊದಲಾದವುಗಳನ್ನು ಬಳಸುವವರು ಬೂಟ್ ಡ್ರೈವಿನ ಇಡೀ ಪ್ರತಿಬಿಂಬವನ್ನು ಕ್ಲೋನ್‌ಜಿಲ್ಲಾದಂತಹ ಉಚಿತ ಸಾಧನದಿಂದ ತೆಗೆದಿಡುವುದು ಲೇಸು. ಅದನ್ನು ಇಳಿಸುವ ಹೊಸ ಡ್ರೈವಿನ ಗಾತ್ರವು ಹಳೆಯದಕ್ಕೆ ಸಮವಾಗಿ ಅಥವಾ ಅದಕ್ಕಿಂತ ದೊಡ್ಡದಾಗಿ ಇರಬೇಕು.

ಎರಡು ಬೂಟ್ ಡ್ರೈವುಗಳನ್ನು ಜೋಡಿಯಾಗಿ ನಿಲ್ಲಿಸಿ ಒಂದು ಕೆಟ್ಟರೆ ಇನ್ನೊಂದು ನಡೆಸುವಂತೆ ಮಾಡುವುದೂ ಉಂಟು. ಅದು ಒಳ್ಳೆಯದೇ, ಆದರೆ ಪ್ರತಿಗೆ ಅದು ಬದಲಿಯಲ್ಲ. ನಾವು ತಪ್ಪಾಗಿ ಅಳಿಸಿದ್ದು ಎರಡರಲ್ಲಿಯೂ ಒಡನೆಯೇ ಅಳಿಯುತ್ತದೆ. ತಪ್ಪು ಮಾತೃಕೆಯನ್ನು ನೋಡಿ ಬರೆದ ಓಲೆಯಲ್ಲಿ ಅದೇ ತಪ್ಪು ಇಳಿಯುವುದನ್ನು ಗ್ರಂಥಸಂಪಾದಕರು ಬಲ್ಲರು.

ಮರಳಿ ನಿಲ್ಲಿಸುವ ಕ್ರಮ

ಮೊದಲು ಯಂತ್ರವನ್ನು ಆರಿಸಿ, ದೊಡ್ಡ ಡಿಸ್ಕುಗಳ ತಂತಿಗಳನ್ನು ಕಳಚಬೇಕು. ತಂತ್ರಾಂಶವನ್ನು ಹೊಸದಾಗಿ ಹಾಕುವಾಗ ಆರಿಸಿದ ಡ್ರೈವಿನಲ್ಲಿದ್ದುದೆಲ್ಲ ಅಳಿಯುವುದರಿಂದ, ಕೈತಪ್ಪಿ ಗ್ರಂಥಭಂಡಾರವನ್ನೇ ಅಳಿಸುವ ಭಯ ಇದರಿಂದ ತಪ್ಪುತ್ತದೆ. ಬಳಿಕ ಹೊಸ ಬೂಟ್ ಡ್ರೈವನ್ನು ಹಾಕಬೇಕು. ಪೆನ್ ಡ್ರೈವುಗಳು ಸತತವಾದ ಬರವಣಿಗೆಯಿಂದ ಬೇಗ ಸವೆಯುವುದರಿಂದ ಚಿಕ್ಕದೊಂದು ಎಸ್‌ಎಸ್‌ಡಿ ಉತ್ತಮ. ಅದರಲ್ಲಿ ಹಿಂದಿದ್ದ ಆವೃತ್ತಿಯನ್ನೇ ಸ್ಥಾಪಿಸಬೇಕು. ಹೊಸ ಆವೃತ್ತಿಯಲ್ಲಿ ತೆಗೆದ ಏರ್ಪಾಡುಗಳು ಹಳೆಯ ಆವೃತ್ತಿಗೆ ಒಗ್ಗುವುದಿಲ್ಲ. ಯಂತ್ರ ಎದ್ದಿತೆಂದು ಖಚಿತವಾದ ಮೇಲೆ ಮತ್ತೆ ಆರಿಸಿ ಡಿಸ್ಕುಗಳನ್ನು ಜೋಡಿಸಿ, ಇರಿಸಿಕೊಂಡ ಏರ್ಪಾಡುಗಳ ಕಡತವನ್ನು ಅದೇ ಜನರಲ್ ಪುಟದಿಂದ ಏರಿಸಬೇಕು. ಯಂತ್ರವು ತಾನೇ ಒಮ್ಮೆ ಮುಚ್ಚಿ ತೆರೆದುಕೊಂಡು, ಬಳಕೆದಾರರನ್ನೂ ಕಡತಕೋಶಗಳನ್ನೂ ಹಿಂದಿನಂತೆ ತೋರಿಸುತ್ತದೆ.

ಪರೀಕ್ಷೆ

ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಪರೀಕ್ಷೆಗೆ ಕೂರದ ವಿದ್ಯಾರ್ಥಿಯನ್ನು ತೇರ್ಗಡೆಯಾದನೆಂದು ನಾನು ಬರೆದವನಲ್ಲ. ನನ್ನ ಎರಡು ಪ್ರತಿಗಳನ್ನು ಮಾತ್ರ ಪರೀಕ್ಷಿಸದೆಯೇ ನಂಬಿದೆನು. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಒಂದು ಬಿಡುವಿನ ದಿನ ಅದನ್ನು ಆರಿಸಿ, ಅಸಲು ಬೂಟ್ ಡ್ರೈವನ್ನು ತೆಗೆದು ಬದಿಗಿರಿಸಿ, ಬೇರೊಂದು ಡ್ರೈವಿನಲ್ಲಿ ಮೇಲಿನ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡಬೇಕು. ಬೀಗ ಹಾಕಿದ ಭಾಗ ತೆರೆಯಿತೇ, ಅದರೊಳಗಿನ ಒಂದು ಕಡತವನ್ನು ಓದಲು ಬಂದಿತೇ ಎಂಬುದೇ ಇಲ್ಲಿನ ಪ್ರಶ್ನೆಪತ್ರಿಕೆ. ಉತ್ತರ ಸರಿಯಾದರೆ ಅಸಲು ಡ್ರೈವನ್ನು ಮತ್ತೆ ಹಾಕಿ, ಪರೀಕ್ಷೆಯ ಡ್ರೈವನ್ನು ಆಪತ್ಕಾಲಕ್ಕೆಂದು ಎತ್ತಿಡಬಹುದು.

ಕೊನೆಯದಾಗಿ ಒಂದು ಮಾತು. ಬೂಟ್ ಡ್ರೈವಿನ ಪ್ರತಿಯು ದೊಡ್ಡ ಡಿಸ್ಕುಗಳಲ್ಲಿನ ಕಡತಗಳ ಪ್ರತಿಯಲ್ಲ. ಅವುಗಳಿಗೆ ಬೇರೆ ಪ್ರತಿ ಇರಲೇಬೇಕು. ಅನ್ಯರ ಮನೆಯ ಓಲೆಗಳನ್ನು ಚಿತ್ರ ತೆಗೆದು ಇರಿಸಿಕೊಂಡವರಿಗೆ ಈ ಹೊಣೆ ಇಮ್ಮಡಿಯಾದುದು. ನನ್ನ ಅಲಕ್ಷ್ಯದಿಂದ ಹೋದ ಸಾಲುಗಳನ್ನು ಈಗ ತರುವಂತಿಲ್ಲ. ಇದನ್ನು ಓದಿದವರಲ್ಲಿ ಒಬ್ಬರಾದರೂ ತಮ್ಮ ಏರ್ಪಾಡುಗಳ ಕಡತವನ್ನು ಇಂದೇ ಬೀಜಸಹಿತ ಇಳಿಸಿ ಸರ್ವರಿನ ಹೊರಗೆ ಇರಿಸಿದರೆ, ಅಂತಹ ಇನ್ನೊಂದು ಕಟ್ಟು ಉಳಿದೀತು.