ಪೊಲೀಸರ ಮೇಲೆ ಹಾಡಿದವನು... ಪೊಲೀಸನೇ ಆದ!

ಹಣೆಬರಹ ಅನ್ನೋದು ಎಂಥೆಂಥ ತಮಾಷೆ ಮಾಡುತ್ತೆ ನೋಡಿ! 1992ರಲ್ಲಿ ಅಮೆರಿಕದ ಪೊಲೀಸ್ ಸಂಘಗಳು ಒಬ್ಬ ಹಾಡುಗಾರನ ಮೇಲೆ ಹಲ್ಲು ಮಸೆದು ನಿಂತಿದ್ದವು. "ಇವನ ಹಾಡು ಕೇಳಬೇಡಿ, ಇವನ ಹಾಡು ಮಾರುವ ಕಂಪನಿಯ ಒಂದೇ ಒಂದು ಸಾಮಾನನ್ನೂ ಕೊಳ್ಳಬೇಡಿ" ಅನ್ನೋದು ಅವರ ಕೂಗು. ದೇಶದ ಅಧ್ಯಕ್ಷರು, ಉಪಾಧ್ಯಕ್ಷರು ಇಬ್ಬರೂ ಆ ಹಾಡನ್ನು ಬಹಿರಂಗವಾಗಿ ಖಂಡಿಸಿದ್ದರು. ಅದೇ ಆಸಾಮಿ 2000ನೇ ಇಸವಿಯಿಂದ ಅಮೆರಿಕದ ಟೀವಿಯಲ್ಲಿ ಅಪರಾಧಿಗಳ ಕೈಗೆ ಕೋಳ ಹಾಕುತ್ತಾ ಬಂದಿದ್ದಾನೆ... ಪೊಲೀಸ್ ಅಧಿಕಾರಿಯ ಪಾತ್ರದಲ್ಲಿ!

ಹೆಸರು ಐಸ್-ಟಿ. ತಣ್ಣಗಿನ ಹೆಸರು, ಆಸಾಮಿ ಮಾತ್ರ ಬೆಂಕಿ.

ಈತನನ್ನು ಕೆಲವರು ಕೊಲೆಪಾತಕ ಹಾಡುಗಾರ ಅಂತ ಬೈದರು. ಮುಂದೆ ಕೆಲವರು ದುಡ್ಡಿಗೆ ಬಗ್ಗಿದವನು ಅಂತ ಹಂಗಿಸಿದರು. ಎರಡರಲ್ಲಿ ಯಾವುದು ನಿಜ? ಎರಡೂ ಅಲ್ಲ ಅನ್ನೋದು ನನ್ನ ವಾದ. ಕತೆ ಪೂರ್ತಿ ಓದಿ, ಆಮೇಲೆ ನೀವೇ ತೀರ್ಪು ಕೊಡಿ.

ತಬ್ಬಲಿ ಹುಡುಗ

ನಿಜವಾದ ಹೆಸರು ಟ್ರೇಸಿ ಲಾರೆನ್ ಮ್ಯಾರೋ. ಹುಟ್ಟಿದ್ದು 1958ರ ಫೆಬ್ರವರಿ 16ರಂದು, ನ್ಯೂಜರ್ಸಿಯ ನ್ಯೂವರ್ಕ್ ಊರಿನಲ್ಲಿ. ಪ್ರೈಮರಿ ಸ್ಕೂಲಿನಲ್ಲಿದ್ದಾಗಲೇ ತಾಯಿ ಹೃದಯಾಘಾತದಿಂದ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ತಂದೆಯದೂ ಅದೇ ದಾರಿ, ಅದೇ ಕಾಯಿಲೆ. ಒಬ್ಬನೇ ಮಗ. ಒಡಹುಟ್ಟಿದವರು ಅಂತ ಹೇಳಿಕೊಳ್ಳಲು ಯಾರೂ ಇಲ್ಲ. ಹುಡುಗನನ್ನು ದೇಶದ ಆ ಕೊನೆಗೆ, ಲಾಸ್ ಏಂಜಲೀಸ್‌ನಲ್ಲಿದ್ದ ನೆಂಟರ ಮನೆಗೆ ಕಳಿಸಿದರು.

ಅಲ್ಲಿ ಸೇರಿದ್ದು ಕ್ರೆನ್‌ಷಾ ಹೈಸ್ಕೂಲಿಗೆ. ಸುತ್ತಮುತ್ತ ‘ಕ್ರಿಪ್ಸ್’, ‘ಬ್ಲಡ್ಸ್’ ಎಂಬ ಎರಡು ದಾದಾ ಗುಂಪುಗಳು. ಒಬ್ಬರದು ನೀಲಿ ಬಣ್ಣ, ಇನ್ನೊಬ್ಬರದು ಕೆಂಪು. ತಪ್ಪು ಬಣ್ಣದ ಅಂಗಿ ತೊಟ್ಟು ತಪ್ಪು ಬೀದಿಗೆ ಹೋದರೆ ವಾಪಸ್ ಬರುವ ಖಾತ್ರಿ ಇಲ್ಲ! ನಮ್ಮ ಹೀರೋಗೆ ಆಗ ಓದುವ ಹುಚ್ಚು ಒಂದಿತ್ತು. ಐಸ್‌ಬರ್ಗ್ ಸ್ಲಿಮ್ ಅಂತ ಒಬ್ಬ ಲೇಖಕ. ಮೊದಲು ವೇಶ್ಯಾವಾಟಿಕೆಯ ದಲ್ಲಾಳಿಯಾಗಿ ಜೈಲು ಕಂಡವನು, ಆಮೇಲೆ ಪೆನ್ನು ಹಿಡಿದವನು. ಆ ಪುಸ್ತಕಗಳ ಮಾತುಗಳನ್ನು ಬಾಯಿಪಾಠ ಮಾಡಿ ಗೆಳೆಯರ ಮುಂದೆ ಒಪ್ಪಿಸುತ್ತಿದ್ದನಂತೆ. ‘ಐಸ್’ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಹುಡುಗ ಗೀಚುವುದನ್ನು ಕಲಿತದ್ದೂ ಅಲ್ಲಿಂದಲೇ ಅನ್ನಬಹುದು.

ಇನ್ನೂ ಮೀಸೆ ಚಿಗುರುವ ವಯಸ್ಸಿಗೇ ಒಂದು ಹೆಣ್ಣುಮಗುವಿನ ತಂದೆ! ಹೊಟ್ಟೆಪಾಡಿಗೆ ಸೈನ್ಯ ಸೇರಿದ. 1977ರಿಂದ ಎರಡು ವರ್ಷ ಸಿಪಾಯಿ, ಅದರಲ್ಲಿ ಹೆಚ್ಚು ಕಾಲ ಹವಾಯಿ ದ್ವೀಪದಲ್ಲಿ. ವಾಪಸ್ ಬಂದ ಮೇಲೆ ಹಿಡಿದದ್ದು ಅಡ್ಡದಾರಿ. ಒಡವೆ ಅಂಗಡಿಗಳಿಗೆ ಕನ್ನ! ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ ಸ್ವಾಮಿ, 2011ರಲ್ಲಿ ಬಂದ ‘ಐಸ್’ ಎಂಬ ಆತ್ಮಕತೆಯಲ್ಲಿ ಆತನೇ ಬರೆದುಕೊಂಡಿದ್ದಾನೆ. ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಆ ಪುಸ್ತಕ ಮುಗಿಸಿದೆ. ಅದರಲ್ಲಿ ಕಳ್ಳತನದ ಬಗ್ಗೆ ಜಂಬವೂ ಇದೆ, ಜೊತೆಗಾರರು ಒಬ್ಬೊಬ್ಬರೇ ಜೈಲು ಪಾಲಾದ ಸಂಕಟವೂ ಇದೆ. ಸಂಕಟದ ಪುಟಗಳೇ ನನಗೆ ಹೆಚ್ಚು ನಿಜ ಅನ್ನಿಸಿದವು.

ಮೊದಲ ಪೊಲೀಸ್ ವೇಷ

1984ರಲ್ಲಿ ‘ಬ್ರೇಕಿನ್’ ಅನ್ನೋ ಡ್ಯಾನ್ಸ್ ಚಿತ್ರದಲ್ಲಿ ಮೈಕ್ ಹಿಡಿದು ಮುಖ ತೋರಿಸಿದ್ದೇ ಬೆಳ್ಳಿತೆರೆಯ ಮೊದಲ ದರ್ಶನ. ಚಿಕ್ಕ ಪಾತ್ರ. 1987ರಲ್ಲಿ ‘ರೈಮ್ ಪೇಸ್’ ಎಂಬ ಮೊದಲ ಆಲ್ಬಮ್ ಬಂತು. ಅದರ ಮೇಲೆ "ಹುಷಾರ್, ಒಳಗೆ ಕೆಟ್ಟ ಮಾತಿದೆ" ಅನ್ನೋ ಅರ್ಥದ ಚೀಟಿ ಬೇರೆ! ಮರುವರ್ಷ ಡೆನ್ನಿಸ್ ಹಾಪರ್ ನಿರ್ದೇಶಿಸಿದ ‘ಕಲರ್ಸ್’ ಚಿತ್ರಕ್ಕೆ ಶೀರ್ಷಿಕೆ ಗೀತೆ ಹಾಡಿದ. ಅದೇ ನೀಲಿ-ಕೆಂಪು ಗುಂಪುಗಳ ಕತೆ. ಬೀದಿಯ ಮಾತು ಬೀದಿಯವನ ಬಾಯಿಂದಲೇ ಬಂತು.

ನಿಜವಾದ ತಿರುವು 1991ರಲ್ಲಿ. ಮಾರಿಯೋ ವ್ಯಾನ್ ಪೀಬಲ್ಸ್ ನಿರ್ದೇಶನದ ‘ನ್ಯೂ ಜ್ಯಾಕ್ ಸಿಟಿ’. ಅದರಲ್ಲಿ ಮಾದಕವಸ್ತು ಸಾಮ್ರಾಜ್ಯದ ಖಳನಾಯಕ ನೀನೋ ಬ್ರೌನ್ ಆಗಿ ವೆಸ್ಲಿ ಸ್ನೈಪ್ಸ್. ಅವನನ್ನು ಬೆನ್ನಟ್ಟುವ ಪೊಲೀಸ್ ಪತ್ತೇದಾರ ಸ್ಕಾಟಿ ಆ್ಯಪಲ್‌ಟನ್ ಆಗಿ... ನಮ್ಮ ಐಸ್-ಟಿ! ಒಡವೆ ಅಂಗಡಿಗೆ ಕನ್ನ ಹಾಕಿದವನಿಗೆ ಪೊಲೀಸ್ ಪಾತ್ರ! ಸುಮಾರು 80 ಲಕ್ಷ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲೇ 4 ಕೋಟಿ 70 ಲಕ್ಷ ಡಾಲರಿಗೂ ಹೆಚ್ಚು ಬಾಚಿತು. ಗಲ್ಲಾಪೆಟ್ಟಿಗೆ ತುಂಬಿತು, ಹಾಡುಗಾರ ನಟನಾದ.

ಈ 1991 ಅನ್ನೋ ಇಸವಿಯನ್ನು ನೆನಪಿಟ್ಟುಕೊಳ್ಳಿ. ಎಷ್ಟೋ ಜನ ಕತೆಯನ್ನು ತಿರುಗಾಮುರುಗಾ ಹೇಳುತ್ತಾರೆ. ಮೊದಲು ಪೊಲೀಸರನ್ನು ಬೈದ, ಏಟು ತಿಂದ, ಆಮೇಲೆ ಬುದ್ಧಿ ಬಂದು ಪೊಲೀಸ್ ಪಾತ್ರ ಹಿಡಿದ ಅಂತ. ಸುಳ್ಳು! ಹಾಡಿನ ಗಲಾಟೆಗೆ ಮೊದಲೇ ಈತ ತೆರೆ ಮೇಲೆ ಪೊಲೀಸಾಗಿದ್ದ.

ಹಾಡಿಗೆ ಹತ್ತಿದ ಬೆಂಕಿ

ಹಾಡಿನ ಹೆಸರು ‘ಕಾಪ್ ಕಿಲ್ಲರ್’. ಪೊಲೀಸನನ್ನು ಕೊಲ್ಲುವವನು ಅಂತ ಅರ್ಥ. ಇದು ರ‍್ಯಾಪ್ ಹಾಡೇ ಅಲ್ಲ ಅನ್ನೋದು ಇನ್ನೊಂದು ಸ್ವಾರಸ್ಯ. ಹೈಸ್ಕೂಲಿನ ಗೆಳೆಯ, ಗಿಟಾರ್‌ವಾದಕ ಅರ್ನಿ ಸಿ ಜೊತೆ ಕಟ್ಟಿದ ‘ಬಾಡಿ ಕೌಂಟ್’ ಎಂಬ ತಂಡದ್ದು. ಕಿವಿ ಕಿತ್ತುಹೋಗುವಂಥ ಗಿಟಾರಿನ ರಾಕ್ ಹಾಡು. 1991ರ ಬೇಸಿಗೆಯಲ್ಲಿ ಊರೂರು ಸುತ್ತಿದ ಲೊಲ್ಲಾಪಲೂಜಾ ಸಂಗೀತಮೇಳದಲ್ಲಿ ಸಾವಿರಾರು ಜನರ ಮುಂದೆ ಹಾಡಿದಾಗ ಯಾವ ಅಧ್ಯಕ್ಷರೂ ಮಾತಾಡಲಿಲ್ಲ. 1992ರ ಮಾರ್ಚಿಯಲ್ಲಿ ಆಲ್ಬಮ್ ಅಂಗಡಿಗೆ ಬಂದಾಗಲೂ ದೊಡ್ಡ ಸದ್ದಿಲ್ಲ.

ಮತ್ತೆ ಕಿಚ್ಚು ಹತ್ತಿದ್ದೆಲ್ಲಿ? 1991ರ ಮಾರ್ಚ್ 3ರ ರಾತ್ರಿ ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ತರುಣನನ್ನು ನಡುರಸ್ತೆಯಲ್ಲಿ ಕೆಡವಿ ಲಾಠಿಯಿಂದ ಹಿಗ್ಗಾಮುಗ್ಗಾ ಬಡಿದರು. ಎದುರು ಮನೆಯವನೊಬ್ಬ ಅದನ್ನು ವಿಡಿಯೋ ತೆಗೆದ. ಇಡೀ ಜಗತ್ತು ನೋಡಿತು. ಆದರೆ 1992ರ ಏಪ್ರಿಲ್ 29ರಂದು ಕೋರ್ಟಿನಲ್ಲಿ ಆ ನಾಲ್ವರು ಪೊಲೀಸರಲ್ಲಿ ಒಬ್ಬನಿಗೂ ಶಿಕ್ಷೆ ಆಗಲಿಲ್ಲ! ಊರು ಹೊತ್ತಿ ಉರಿಯಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಆ ಬೂದಿ ಆರುವ ಮೊದಲೇ, ಜೂನ್ ತಿಂಗಳಲ್ಲಿ ಟೆಕ್ಸಾಸ್‌ನ ಒಂದು ಪೊಲೀಸ್ ಸಂಘದ ಕಣ್ಣು ಈ ಹಾಡಿನ ಮೇಲೆ ಬಿತ್ತು. ಹಾಡು ಹೊರತಂದ ವಾರ್ನರ್ ಕಂಪನಿಗೆ ಬಹಿಷ್ಕಾರ ಹಾಕಿ ಅಂತ ಕರೆ ಕೊಟ್ಟಿತು. ಅದು ಚುನಾವಣೆಯ ವರ್ಷ ಬೇರೆ. ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ), ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಇಬ್ಬರೂ ಕಿಡಿಕಾರಿದರು. ಜುಲೈನಲ್ಲಿ ನಡೆದ ಕಂಪನಿಯ ಷೇರುದಾರರ ಸಭೆಗೆ ಯಾರು ಬಂದರು ಗೊತ್ತೇ? ‘ಟೆನ್ ಕಮಾಂಡ್‌ಮೆಂಟ್ಸ್’ನ ಮೋಸೆಸ್, ‘ಬೆನ್ ಹರ್’ನ ವೀರ... ಸಾಕ್ಷಾತ್ ಚಾರ್ಲ್ಟನ್ ಹೆಸ್ಟನ್! ಎದ್ದು ನಿಂತು ಆ ಆಲ್ಬಮ್ಮಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ದೊಡ್ಡ ನಟನ ದೊಡ್ಡ ಕಂಠ. ಸಭೆ ತಣ್ಣಗಾಯಿತು.

ಐಸ್-ಟಿ ಹೇಳಿದ್ದು ಒಂದೇ ಮಾತು. ಹಾಡಿನಲ್ಲಿ ‘ನಾನು’ ಅನ್ನುವವನು ನಾನಲ್ಲ, ಪೊಲೀಸರ ದೌರ್ಜನ್ಯದಿಂದ ತಲೆ ಕೆಟ್ಟ ಒಂದು ಪಾತ್ರ ಅಂತ. ಯಾರು ಕೇಳುತ್ತಾರೆ?

ಇಲ್ಲೇ ನನಗೊಂದು ಪ್ರಶ್ನೆ. 1984ರ ‘ಟರ್ಮಿನೇಟರ್’ ಚಿತ್ರದಲ್ಲಿ ಆರ್ನಾಲ್ಡ್ ಪೊಲೀಸ್ ಸ್ಟೇಷನ್ನಿಗೇ ನುಗ್ಗಿ ಪೊಲೀಸರನ್ನು ಸಾಲಾಗಿ ಹೊಡೆದು ಉರುಳಿಸುತ್ತಾನೆ. ಟಾಕೀಸು ತುಂಬಾ ಶಿಳ್ಳೆ! ಷೆರೀಫನಿಗೆ ಗುಂಡು ಹೊಡೆದೆ ಅನ್ನುವ ಬಾಬ್ ಮಾರ್ಲಿಯ ಹಾಡನ್ನು 1974ರಲ್ಲಿ ಎರಿಕ್ ಕ್ಲಾಪ್ಟನ್ ಹಾಡಿದಾಗ ಅದು ಅಮೆರಿಕದಲ್ಲಿ ನಂಬರ್ ಒನ್! ಅವರದು ಪಾತ್ರ, ಇವನದು ಮಾತ್ರ ಅಪರಾಧ ಹೇಗೆ? ಈ ಮಾತನ್ನು ಆ ಕಾಲದಲ್ಲೇ ಅಲ್ಲಿನ ಅನೇಕರು ಕೇಳಿದ್ದರು. ಉತ್ತರ ಬಣ್ಣದಲ್ಲಿತ್ತು. ಬಿಳಿಯ ನಟ ಗುಂಡು ಹಾರಿಸಿದರೆ ಕತೆ, ಕಪ್ಪು ಹಾಡುಗಾರ ಅದನ್ನೇ ಅಂದರೆ ಬೆದರಿಕೆ!

ಆದರೆ ಇನ್ನೊಂದು ಕಡೆಯನ್ನೂ ಹೇಳಬೇಕಲ್ಲ. ಹಗಲು ರಾತ್ರಿ ರಸ್ತೆಯಲ್ಲಿ ನಿಂತು ಪ್ರಾಮಾಣಿಕವಾಗಿ ಕೆಲಸ ಮಾಡುವ ಪೊಲೀಸನ ಹೆಂಡತಿ ಆ ಹಾಡು ಕೇಳಿದರೆ ಎದೆ ಒಡೆದುಕೊಳ್ಳುವುದಿಲ್ಲವೇ? ಒಡೆದುಕೊಳ್ಳುತ್ತೆ. ಅವರ ಸಿಟ್ಟು ನಾಟಕವಾಗಿರಲಿಲ್ಲ.

ಕಡೆಗೆ ಆ ಕಂಪನಿಯ ನೌಕರರಿಗೆ ಕೊಲೆ ಬೆದರಿಕೆಗಳು ಬರತೊಡಗಿದವು. ಹಾಡಿದವನು ಈತ, ಸಾಯುವ ಭಯದಲ್ಲಿ ನಡುಗಿದವರು ಸಂಬಳದವರು. 1992ರ ಜುಲೈ 28ರಂದು ಐಸ್-ಟಿ ಪತ್ರಕರ್ತರನ್ನು ಕರೆದು, ಹಾಡನ್ನು ಆಲ್ಬಮ್ಮಿನಿಂದ ತಾನೇ ತೆಗೆಯುತ್ತೇನೆ ಎಂದು ಘೋಷಿಸಿದ. ಮರುವರ್ಷದ ಮೊದಲಲ್ಲೇ ವಾರ್ನರ್ ಕಂಪನಿಯ ಋಣವೂ ಹರಿಯಿತು. ಮುಂದಿನ ಆಲ್ಬಮ್ ‘ಹೋಮ್ ಇನ್ವೇಷನ್’ ಬೇರೆ ಕಂಪನಿಯಿಂದ ಹೊರಬಂತು.

ನಾಲ್ಕು ಕಂತಿಗೆ ಬಂದವನು

ಗಲಭೆಯ ಬಿಸಿ ಸಿನಿಮಾಗೂ ತಟ್ಟಿತು. ವಾಲ್ಟರ್ ಹಿಲ್ ನಿರ್ದೇಶನದಲ್ಲಿ ಐಸ್-ಟಿ, ಐಸ್ ಕ್ಯೂಬ್ ಇಬ್ಬರೂ ನಟಿಸಿದ್ದ ಚಿತ್ರಕ್ಕೆ ಮೊದಲಿಟ್ಟ ಹೆಸರು ‘ಲೂಟರ್ಸ್’, ಅಂದರೆ ಲೂಟಿಕೋರರು. ಊರೇ ಲೂಟಿಯಾದ ಮೇಲೆ ಆ ಹೆಸರಿಡಲು ಎದೆ ಯಾರಿಗಿದೆ? ಬಿಡುಗಡೆ ಮುಂದೆ ಹೋಯಿತು, ‘ಟ್ರೆಸ್‌ಪಾಸ್’ ಎಂಬ ಹೊಸ ಹೆಸರಿನಲ್ಲಿ ವರ್ಷದ ಕೊನೆಗೆ ತೆರೆಕಂಡಿತು. 1994ರಲ್ಲಿ ‘ಸರ್ವೈವಿಂಗ್ ದಿ ಗೇಮ್’. ಅದರಲ್ಲಿ ಶ್ರೀಮಂತರು ಬೇಟೆಯಾಡಲು ಕಾಡಿಗೆ ಕರೆದೊಯ್ಯುವ ನಿರ್ಗತಿಕನ ಪಾತ್ರ. 1995ರಲ್ಲಿ ‘ಟ್ಯಾಂಕ್ ಗರ್ಲ್’ ಚಿತ್ರಕ್ಕಾಗಿ ಅರ್ಧ ಮನುಷ್ಯ, ಅರ್ಧ ಕಾಂಗರೂ ವೇಷ! ನಗಬೇಡಿ, ಹೊಟ್ಟೆಪಾಡು ಅಂದರೆ ಹಾಗೇ.

ಆ ಹೊತ್ತಿಗೆ ಕೈ ಹಿಡಿದವರು ಟೀವಿ ನಿರ್ಮಾಪಕ ಡಿಕ್ ವುಲ್ಫ್. ಅವರ ‘ನ್ಯೂಯಾರ್ಕ್ ಅಂಡರ್‌ಕವರ್’ ಧಾರಾವಾಹಿಯಲ್ಲಿ ಖಳನಾಗಿ ಮೆರೆದ. ಮುಂದೆ 2000ದಲ್ಲಿ ಅವರದೇ ‘ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ಗೆ ಕರೆ. ಓಡಿನ್ ‘ಫಿನ್’ ಅಲ್ಲ, ಒಡಾಫಿನ್ ಟುಟುವೋಲಾ ಅಂತ ಪಾತ್ರದ ಹೆಸರು, ಎಲ್ಲರ ಬಾಯಲ್ಲಿ ‘ಫಿನ್’. ಮೊದಲು ಮಾತಾದದ್ದು ನಾಲ್ಕೇ ನಾಲ್ಕು ಕಂತಿಗೆ! ನಾಲ್ಕು ಹೋಗಿ ನಾನೂರಾದವು, ಅದೂ ದಾಟಿತು. 2025ರಲ್ಲಿ ಶುರುವಾದ 27ನೇ ಸರಣಿಯಲ್ಲೂ ಫಿನ್ ಇದ್ದಾನೆ. ಧಾರಾವಾಹಿ 2019ರಲ್ಲೇ ಅಮೆರಿಕದ ಪ್ರೈಮ್ ಟೈಮ್ ಕತೆ ಧಾರಾವಾಹಿಗಳಲ್ಲಿ, ಕಾರ್ಟೂನು ಬಿಟ್ಟರೆ, ಅತಿ ಹೆಚ್ಚು ಸರಣಿ ಓಡಿದ್ದು ಎಂಬ ದಾಖಲೆ ಮಾಡಿತು.

ಆ ಧಾರಾವಾಹಿಯ ವಸ್ತು ಏನು ಗೊತ್ತೇ? ಹೆಂಗಸರು, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತನಿಖೆ. ಈತನ ಹಳೇ ಹಾಡುಗಳಲ್ಲಿ ಹೆಣ್ಣನ್ನು ಹೀನಾಯವಾಗಿ ಕಂಡ ಸಾಲುಗಳು ಬೇಕಾದಷ್ಟಿವೆ. ಪೊಲೀಸರ ವಿಷಯದಲ್ಲಿ ನಾನು ಈತನ ಪರ ವಾದ ಮಾಡಿಯೇನು, ಆ ಸಾಲುಗಳ ವಿಷಯದಲ್ಲಿ ಮಾಡಲಾರೆ. ದೌರ್ಜನ್ಯಕ್ಕೆ ಉತ್ತರ ಅನ್ನೋ ಸಬೂಬು ಅವಕ್ಕಿಲ್ಲ. ಅಂಥವನು ವರ್ಷಾನುಗಟ್ಟಲೆ ನೊಂದ ಹೆಣ್ಣುಮಕ್ಕಳ ಎದುರು ಕುರ್ಚಿ ಎಳೆದು ಕೂತು, ತಗ್ಗಿದ ದನಿಯಲ್ಲಿ ಮಾತಾಡಿಸುವ ಪಾತ್ರ ಮಾಡಿದ. ಹಣೆಬರಹದ ತಮಾಷೆ ಅಂದದ್ದು ಇದಕ್ಕೇ.

ಮಾರಿಕೊಂಡನೇ?

ಹಾಗಾದರೆ ಈತ ಮಾರಿಕೊಂಡನೇ? ಲೆಕ್ಕ ನೋಡಿ. ಹಾಡನ್ನು ಆಲ್ಬಮ್ಮಿನಿಂದ ತೆಗೆದನೇ ಹೊರತು ವೇದಿಕೆಯಿಂದ ಇಳಿಸಲಿಲ್ಲ. ಟೀವಿಯಲ್ಲಿ ಪೊಲೀಸ್ ಬಿಲ್ಲೆ ಸಿಕ್ಕಿಸಿಕೊಂಡ ಕಾಲದಲ್ಲೂ ‘ಬಾಡಿ ಕೌಂಟ್’ ತಂಡದ ಜೊತೆ ಊರೂರಲ್ಲಿ ಅದನ್ನು ಹಾಡುತ್ತಲೇ ಬಂದ. 2021ರಲ್ಲಿ ಅದೇ ತಂಡಕ್ಕೆ ‘ಬಮ್-ರಷ್’ ಹಾಡಿಗಾಗಿ ಗ್ರ್ಯಾಮಿ ಪ್ರಶಸ್ತಿ ಬಂತು. 2023ರ ಫೆಬ್ರವರಿಯಲ್ಲಿ ಹಾಲಿವುಡ್ ರಸ್ತೆಯ ಕಲ್ಲಿನಲ್ಲಿ ಈತನ ಹೆಸರಿನ ನಕ್ಷತ್ರ ಕೂತಿತು. ಮಾರಿಕೊಂಡವನು ಹಳೇ ಹಾಡನ್ನು ಮುಚ್ಚಿಡುತ್ತಾನೆ, ಈತ ಮುಚ್ಚಿಡಲಿಲ್ಲ.

ಬದಲಾದವರು ನೋಡುವವರು. ‘ಕೊಲೆಗಾರ ನಾನಲ್ಲ, ಅದು ಪಾತ್ರ’ ಅಂದಾಗ ಒಬ್ಬರೂ ನಂಬಲಿಲ್ಲ. ‘ಫಿನ್’ ಕೂಡ ಬರೀ ಪಾತ್ರವೇ. ಆದರೆ ಅದನ್ನು ಎಲ್ಲರೂ ನಂಬಿ ಮನೆಯವನಂತೆ ಕಂಡರು! ಖಳನಾಯಕನಿಗೆ ಶಾಪ ಹಾಕಿ, ನಾಯಕನಿಗೆ ಹಾರ ಹಾಕುವ ಪ್ರೇಕ್ಷಕ ಎಲ್ಲ ದೇಶದಲ್ಲೂ ಒಬ್ಬನೇ ಅಂತ ಕಾಣುತ್ತೆ.

ಈತನನ್ನು ನೋಡಬೇಕೆನ್ನುವ ಅಭಿಮಾನಿಗಳಿಗೆ ನನ್ನದೊಂದು ಸಲಹೆ. ಧಾರಾವಾಹಿ ಆಮೇಲಾಗಲಿ. ಮೊದಲು ‘ನ್ಯೂ ಜ್ಯಾಕ್ ಸಿಟಿ’ ಹುಡುಕಿ ನೋಡಿ. ಗಲಾಟೆ ಶುರುವಾಗುವ ಮುಂಚಿನ ವರ್ಷದ ಚಿತ್ರ. ತಲೆ ಮೇಲೆ ಟೋಪಿ, ಕಣ್ಣಲ್ಲಿ ಕಿಚ್ಚು, ಬೀದಿ ಹುಡುಗನ ನಡಿಗೆ... ಪೊಲೀಸ್ ಆಗಿ ಎಷ್ಟು ಸಲೀಸಾಗಿ ಕಾಣುತ್ತಾನೆ ನೋಡಿ!