ಡಿಸ್ಕಿನ ಜಾಗ ಬದಲಾಯಿತು, ಕಂಪ್ಯೂಟರ್ ಏಳುತ್ತಿಲ್ಲವೇ?

ಅಡುಗೆಮನೆಯ ಕಪಾಟು ತೊಳೆದು, ಡಬ್ಬಗಳನ್ನೆಲ್ಲ ಹೊಸ ರೀತಿಯಲ್ಲಿ ಜೋಡಿಸಿಟ್ಟಿರಿ ಎನ್ನಿ. ಮರುದಿನ ಬೆಳಿಗ್ಗೆ ಕಾಫಿಪುಡಿಗೆಂದು ಕೈ ಹೋಗುವುದು ಹಳೆಯ ಜಾಗಕ್ಕೇ. ಅಲ್ಲಿ ಸಿಗುವುದು ಮೆಂತ್ಯದ ಡಬ್ಬ! ಹಾಗೆಂದು ಮನೆಯಲ್ಲಿ ಕಾಫಿಪುಡಿಯೇ ಇಲ್ಲ ಅಂತೀರಾ? ಇನ್ನೊಂದು ಸಾಲಿನಲ್ಲಿ ಹುಡುಕಿ ತೆಗೆಯುತ್ತೀರಿ. ಕಂಪ್ಯೂಟರಿಗೆ ಇಷ್ಟು ಸಾಮಾನ್ಯ ಬುದ್ಧಿ ಇಲ್ಲ ನೋಡಿ. ಬೇಕಾದದ್ದು ಹುಡುಕಿದ ಕಡೆ ಸಿಗದಿದ್ದರೆ ‘ನೋ ಬೂಟಬಲ್ ಡಿವೈಸ್’ ಎಂದೋ ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’ ಎಂದೋ ಕಪ್ಪು ಪರದೆಯ ಮೇಲೆ ಬರೆದು ಸುಮ್ಮನೆ ನಿಂತುಬಿಡುತ್ತದೆ.

ಮನೆಯ ಹಳೆಯ ಡೆಸ್ಕ್‌ಟಾಪ್ ನಿಧಾನವಾಯಿತೆಂದು ಹೊಸ ಎಸ್‌ಎಸ್‌ಡಿ ಹಾಕಿಸುವುದು ಈಗ ಸಾಮಾನ್ಯ. ಅದಕ್ಕೆ ಜಾಗ ಮಾಡಲು ಹಳೆಯ ಹಾರ್ಡ್ ಡಿಸ್ಕನ್ನು ಅತ್ತ ಸರಿಸುತ್ತಾರೆ, ಕೇಬಲ್ ಬಿಚ್ಚಿ ಬೇರೆ ಕಡೆ ಸಿಕ್ಕಿಸುತ್ತಾರೆ. ಎಲ್ಲ ಮುಗಿಸಿ ಸ್ಕ್ರೂ ಬಿಗಿದು ಗುಂಡಿ ಒತ್ತಿದರೆ ಯಂತ್ರ ಏಳುವುದೇ ಇಲ್ಲ. ಆಗ ಯಾರಾದರೂ ಒಬ್ಬರು “ಫಾರ್ಮ್ಯಾಟ್ ಮಾಡಿಬಿಡೋಣ, ಸರಿಹೋಗುತ್ತೆ” ಎನ್ನುತ್ತಾರೆ.

ಈ ಒಂದು ಮಾತಿಗೆ ಮಾತ್ರ ಥಟ್ಟನೆ ತಲೆಯಾಡಿಸಬೇಡಿ. ತಂಗಿಯ ಮದುವೆಯ ಫೋಟೋಗಳು, ಈಗ ಇಲ್ಲದ ಅಜ್ಜಿಯ ಧ್ವನಿ ಇರುವ ವೀಡಿಯೋ, ಮಕ್ಕಳ ಅಂಕಪಟ್ಟಿ, ಮನೆ ಸಾಲದ ಕಾಗದಪತ್ರ ಎಲ್ಲವೂ ಇರುವುದು ಆ ಡಿಸ್ಕಿನಲ್ಲೇ ಅಲ್ಲವೇ? ಡಿಸ್ಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ ಮಾತ್ರಕ್ಕೆ ಒಳಗಿದ್ದದ್ದು ಅಳಿಸಿಹೋಗುವುದಿಲ್ಲ. ಗಾಬರಿಯಲ್ಲಿ ಆಮೇಲೆ ಮಾಡುವ ಫಾರ್ಮ್ಯಾಟಿನಿಂದ ಅಳಿಸಿಹೋಗುತ್ತದೆ.

“ಇದೆಲ್ಲ ನಮಗೇಕೆ, ಹುಡುಗರು ನೋಡಿಕೊಳ್ತಾರೆ” ಎಂದು ಪುಟ ತಿರುವಬೇಡಿ. ಹುಡುಗರು ಬೇರೆ ಊರಿನಲ್ಲಿರುತ್ತಾರೆ, ಫೋಟೋ ಹೋದ ನೋವು ನಿಮ್ಮದಾಗಿರುತ್ತದೆ. ಇಲ್ಲಿ ಬೇಕಾದದ್ದು ತಾಳ್ಮೆ ಮತ್ತು ಒಂದು ಕ್ರಮ. ಅವೆರಡೂ ನಿಮಗೆ ಹೊಸದೇನಲ್ಲ.

ಕಂಪ್ಯೂಟರ್ ಏಳುವ ಬಗೆ

ಗುಂಡಿ ಒತ್ತಿದೊಡನೆ ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಒಂದು ಸಣ್ಣ ಪ್ರೋಗ್ರಾಂ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಬಾಯಿಮಾತಿನಲ್ಲಿ ಎರಡನ್ನೂ ಬಯಾಸ್ ಎಂದೇ ಕರೆಯುತ್ತಾರೆ. ಯಾವ ಡಿಸ್ಕನ್ನು ಮೊದಲು ಕೇಳಬೇಕು, ಯಾವುದನ್ನು ಆಮೇಲೆ ಎಂಬ ಪಟ್ಟಿ ಅದರ ಬಳಿ ಇರುತ್ತದೆ. ಅದು ವಿಂಡೋಸನ್ನು ಹುಡುಕಿ ಎಬ್ಬಿಸುವ ಈ ಕೆಲಸಕ್ಕೇ ‘ಬೂಟ್’ ಎಂದು ಹೆಸರು.

ಹಳೆಯ ಪದ್ಧತಿಯಲ್ಲಿ ಬಯಾಸ್ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದುತ್ತದೆ. ಡಿಸ್ಕನ್ನು ಪಾಲು ಮಾಡಿ ಆ ಪಾಲುಗಳ ವಿವರವನ್ನು ಹೀಗೆ ಆರಂಭದಲ್ಲೇ ಬರೆದಿಡುವ ಕ್ರಮ 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ಬಂದದ್ದು. ಹೊಸ ಪದ್ಧತಿಯಲ್ಲಿ ಡಿಸ್ಕಿನಲ್ಲೇ ಒಂದು ಪುಟ್ಟ ಬೂಟ್ ಪಾಲು ಇರುತ್ತದೆ. ಯಾವ ಡಿಸ್ಕಿನ ಯಾವ ಪಾಲು ಎಂಬುದನ್ನು ಮದರ್‌ಬೋರ್ಡ್ ನೆನಪಿಟ್ಟುಕೊಳ್ಳುತ್ತದೆ.

ಮರ್ಮ ಇರುವುದು ಇಲ್ಲೇ. ಎರಡು ಡಿಸ್ಕ್ ಜೋಡಿಸಿರುವಾಗ ವಿಂಡೋಸ್ ಹಾಕಿದರೆ, ವಿಂಡೋಸ್ ಒಂದು ಡಿಸ್ಕಿನಲ್ಲಿ, ಅದನ್ನು ಎಬ್ಬಿಸುವ ಪುಟ್ಟ ಪಾಲು ಇನ್ನೊಂದರಲ್ಲಿ ಕೂರುವುದುಂಟು. ಮನೆ ಇಲ್ಲಿ, ಬೀಗದಕೈ ಪಕ್ಕದ ಮನೆಯಲ್ಲಿ! “ಈ ಹಳೆಯದರಲ್ಲಿ ಏನೂ ಇಲ್ಲ” ಎಂದು ಆ ಡಿಸ್ಕನ್ನು ಕಿತ್ತಿಟ್ಟರೆ, ಹೊಸ ಡಿಸ್ಕಿನಲ್ಲಿರುವ ವಿಂಡೋಸ್ ಚೆನ್ನಾಗಿದ್ದರೂ ಏಳಲಾರದು.

ಮೊದಲು ಮಾಡಬೇಕಾದದ್ದು

1. ಯಂತ್ರ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಉಳಿದ ವಿದ್ಯುತ್ ಇಳಿಯುತ್ತದೆ. ಒಳಗೆ ಕೈ ಹಾಕುವ ಮುನ್ನ ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ. ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ ಚಿಪ್ಪುಗಳಿಗೆ ಕೇಡು.

2. ಯಾವುದನ್ನೂ ಕೀಳುವ ಮೊದಲು ಮೊಬೈಲಿನಲ್ಲಿ ಒಳಭಾಗದ ಫೋಟೋ ತೆಗೆದುಕೊಳ್ಳಿ.

3. ಈಗ ಬಳಕೆಯಲ್ಲಿರುವ ಸಾಟಾ ಡಿಸ್ಕಿಗೆ ಎರಡು ಜೋಡಣೆ: ಕಿರಿದಾದದ್ದು ಮಾಹಿತಿಗೆ, ಅಗಲವಾದದ್ದು ವಿದ್ಯುತ್ತಿಗೆ. ಎರಡನ್ನೂ ಮೆಲ್ಲಗೆ ಒತ್ತಿ ನೋಡಿ. ಅರ್ಧ ಸಿಕ್ಕಿಕೊಂಡ ಕೇಬಲ್ಲೇ ಕಾರಣವಾಗಿರುವುದೂ ಉಂಟು.

4. ಎಲ್ಲವನ್ನೂ ಮೊದಲಿದ್ದಂತೆಯೇ ಜೋಡಿಸಿ ಗುಂಡಿ ಒತ್ತಿ. ಯಂತ್ರ ಎದ್ದರೆ ನಿಟ್ಟುಸಿರು ಬಿಡಿ, ಏನೂ ಹೋಗಿಲ್ಲ. ಮೊದಲು ಮುಖ್ಯವಾದದ್ದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿಕೊಂಡು, ಬದಲಾವಣೆ ಆಮೇಲೆ ಮಾಡಿ.

5. ಹಳೆಯ ಹಾರ್ಡ್ ಡಿಸ್ಕಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಮತ್ತೆ ಮತ್ತೆ ಬರುತ್ತಿದೆಯೇ? ಕೂಡಲೇ ನಿಲ್ಲಿಸಿ. ಇದು ಜಾಗದ ತೊಂದರೆಯಲ್ಲ, ಡಿಸ್ಕಿಗೇ ಪೆಟ್ಟಾಗಿರಬಹುದು. ಮಾಹಿತಿ ಹೊರತೆಗೆಯುವ ಅನುಭವವಿದ್ದವರಿಗೇ ಕೊಡಿ.

ಬಯಾಸಿನೊಳಗೆ ಇಣುಕಿ

ಹೊಸ ಜೋಡಣೆಯಲ್ಲೇ ಎಬ್ಬಿಸಬೇಕೆಂದಿದ್ದರೆ, ಗುಂಡಿ ಒತ್ತಿದೊಡನೆ ಬೂಟ್ ಪಟ್ಟಿಯ ಕೀಲಿಯನ್ನು ಪದೇಪದೇ ತಟ್ಟಿ. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಮದರ್‌ಬೋರ್ಡಿನಲ್ಲಿ ಎಫ್8. ಡಿಸ್ಕುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂದಿದ್ದರೆ ಅದನ್ನೇ ಆರಿಸಿ. ಯಂತ್ರ ಎದ್ದಿತೋ, ಕೆಟ್ಟದ್ದು ಬರೀ ಸರದಿ. ಬಯಾಸಿನ ಸೆಟಪ್ಪಿಗೆ ಹೋಗಿ ಅದನ್ನೇ ಮೊದಲ ಸ್ಥಾನಕ್ಕೆ ತಂದು, ‘ಸೇವ್’ ಮಾಡಿ ಹೊರಬಂದರೆ ಆಯಿತು.

ಡಿಸ್ಕಿನ ಹೆಸರೇ ಕಾಣುತ್ತಿಲ್ಲವೇ? ಹಾಗಾದರೆ ಕೇಬಲ್ಲನ್ನೋ ಕಿಂಡಿಯನ್ನೋ ಬದಲಿಸಿ ನೋಡಬೇಕು. ಕೆಲವು ಮದರ್‌ಬೋರ್ಡುಗಳಲ್ಲಿ, ಪಟ್ಟಿಯಾಕಾರದ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ಹಳೆಯ ಡಿಸ್ಕ್ ಅದೇ ಕಿಂಡಿಯಲ್ಲಿದ್ದರೆ ಕಾಣುವುದಾದರೂ ಹೇಗೆ? ಬೇರೆ ಕಿಂಡಿಗೆ ಹಾಕಿ.

ಬಯಾಸಿನಲ್ಲಿ ಕಂಡದ್ದನ್ನೆಲ್ಲ ಬದಲಿಸಲು ಹೋಗಬೇಡಿ. ಮುಖ್ಯವಾಗಿ ‘ಎಎಚ್‌ಸಿಐ’, ‘ರೈಡ್’ ಎಂಬ ಆಯ್ಕೆ ಇದ್ದಂತೆಯೇ ಇರಲಿ. ಅದು ಬದಲಾದರೆ ವಿಂಡೋಸ್ ಎದ್ದಂತೆ ಮಾಡಿ, ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ಮತ್ತೆ ಮಲಗುತ್ತದೆ. ಹಳೆಯ ಯಂತ್ರದಲ್ಲಿ ದಿನಾಂಕವೂ ತಪ್ಪಿದ್ದರೆ, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿರಬಹುದು. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟಿನದು. ಬ್ಯಾಟರಿ ಸತ್ತಾಗ ಬಯಾಸ್ ತನ್ನ ಸರದಿಯನ್ನೂ ಮರೆಯಬಹುದು.

ನೀಲಿ ಪರದೆಯ ಮೇಲೆ 48 ಅಂಕಿಯ ಕೀಲಿ ಕೇಳಿದರೂ ಹೆದರಬೇಡಿ. ಅದು ಬಿಟ್‌ಲಾಕರ್ ಎಂಬ ಬೀಗ. ಯಂತ್ರದಲ್ಲಿ ಬದಲಾವಣೆ ಕಂಡು ಕಳ್ಳ ಬಂದನೆಂದು ಭಾವಿಸಿದೆ, ಅಷ್ಟೇ. ವಿಂಡೋಸಿಗೆ ಮೈಕ್ರೋಸಾಫ್ಟ್ ಖಾತೆ ಬಳಸಿದ್ದರೆ, ಮೊಬೈಲಿನಿಂದ ಆ ಖಾತೆ ತೆರೆದಾಗ ಸಾಮಾನ್ಯವಾಗಿ ಕೀಲಿ ಅಲ್ಲೇ ಸಿಗುತ್ತದೆ. ಡಿಸ್ಕ್ ಮುಟ್ಟುವ ಮೊದಲೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೀಲಿ ಇಲ್ಲದೆ ಆ ಬೀಗವನ್ನು ಯಾರೂ ತೆಗೆದುಕೊಡಲಾರರು.

ಇಷ್ಟಕ್ಕೂ ಏಳದಿದ್ದರೆ

ಇನ್ನೊಂದು ಕಂಪ್ಯೂಟರಿನಲ್ಲಿ, ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ವಿಂಡೋಸ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್ ಡ್ರೈವಿಗೆ ತುಂಬಿಸಬೇಕು. ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ನೆನಪಿರಲಿ. ಅದರಿಂದ ಯಂತ್ರ ಎಬ್ಬಿಸಿದಾಗ ವಿಂಡೋಸನ್ನು ಹೊಸದಾಗಿ ಹಾಕುವ ದಾರಿಯೂ ಕಾಣುತ್ತದೆ, ರಿಪೇರಿಯ ದಾರಿಯೂ ಕಾಣುತ್ತದೆ. ನಿಮ್ಮ ಕೈ ರಿಪೇರಿಯತ್ತಲೇ ಹೋಗಲಿ. ಅಲ್ಲಿ ‘ಸ್ಟಾರ್ಟಪ್ ರಿಪೇರ್’ ಎಂಬುದನ್ನು ಆರಿಸಿ. ಸಣ್ಣಪುಟ್ಟ ದೋಷವಾದರೆ ಅದೇ ಸರಿಪಡಿಸಿಕೊಳ್ಳುತ್ತದೆ.

ಬೂಟ್ ಪಾಲು ಕಿತ್ತಿಟ್ಟ ಡಿಸ್ಕಿನಲ್ಲೇ ಉಳಿದಿದ್ದರೆ, ಹೊಸ ಡಿಸ್ಕಿನಲ್ಲಿ ಅಂಥದ್ದೇ ಒಂದನ್ನು ಮಾಡಿ, ‘ಬಿಸಿಡಿಬೂಟ್’ ಎಂಬ ಆಜ್ಞೆಯಿಂದ ಅದರಲ್ಲಿ ಬೇಕಾದ ಕಡತಗಳನ್ನು ಬರೆಸಬೇಕು. ಇದು ಬಲ್ಲವರ ಕೈಯಲ್ಲೇ ಆಗಲಿ, ಪಾಲು ಮಾಡುವಾಗ ಕೈ ತಪ್ಪಿದರೆ ನಷ್ಟ ದೊಡ್ಡದು. ಆದರೆ ಅಂಗಡಿಗೆ ಹೋದಾಗ ನೀವೇ ಹೀಗೆ ಹೇಳಿ: “ಡಿಸ್ಕ್ ಕೆಟ್ಟಿಲ್ಲ, ಬೂಟ್ ಪಾರ್ಟಿಷನ್ ಇನ್ನೊಂದರಲ್ಲಿದೆ. ಮೊದಲು ಡೇಟಾ ನಕಲು ಮಾಡಿ. ನನ್ನನ್ನು ಕೇಳದೆ ಫಾರ್ಮ್ಯಾಟ್ ಬೇಡ.” ಇಷ್ಟು ಹೇಳಿದ ಗಿರಾಕಿಗೆ ಅಂಗಡಿಯವರೂ ಬೇರೆಯೇ ಗಮನ ಕೊಡುತ್ತಾರೆ. ಎರಡೂ ಡಿಸ್ಕುಗಳನ್ನು ಜೊತೆಗೇ ಒಯ್ಯಿರಿ.

ಯಂತ್ರ ಏಳದಿದ್ದರೂ ಫೋಟೋಗಳನ್ನು ತೆಗೆಯಲು ದಾರಿಯಿದೆ. ಡಿಸ್ಕನ್ನು ಹೊರತೆಗೆದು, ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಹೊರಗಿನ ಡ್ರೈವಿನಂತೆ ತೆರೆದುಕೊಳ್ಳುತ್ತದೆ. 3.5 ಇಂಚಿನ ದೊಡ್ಡ ಡಿಸ್ಕಾದರೆ ಪ್ರತ್ಯೇಕ ವಿದ್ಯುತ್ ಕೊಡುವ ಅಡಾಪ್ಟರ್ ಬೇಕು. ಆಗ ವಿಂಡೋಸ್ “ಫಾರ್ಮ್ಯಾಟ್ ಮಾಡಲೇ?” ಎಂದೋ “ಇನಿಷಿಯಲೈಸ್ ಮಾಡಲೇ?” ಎಂದೋ ವಿನಯದಿಂದ ಕೇಳಿದರೆ, ನೀವೂ ಅಷ್ಟೇ ವಿನಯದಿಂದ ‘ಕ್ಯಾನ್ಸಲ್’ ಒತ್ತಿ.

ಮುಂದಿನ ಸಲಕ್ಕೆ

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿಸುವಾಗ ಅದೊಂದನ್ನೇ ಜೋಡಿಸಿ, ಉಳಿದ ಡಿಸ್ಕುಗಳ ಕೇಬಲ್ ಬಿಚ್ಚಿಡಲು ಹೇಳಿ. ಆಗ ಬೂಟ್ ಪಾಲು ಬೇರೆಲ್ಲೂ ಹೋಗದೆ ಅದರಲ್ಲೇ ಕೂರುತ್ತದೆ. ಡಿಸ್ಕುಗಳ ಮೇಲೆ ಚೀಟಿ ಅಂಟಿಸಿ: ಇದು ವಿಂಡೋಸ್, ಇದು ಫೋಟೋ. ಯಾವುದು ಯಾವ ಕಿಂಡಿಯಲ್ಲಿದೆ, ಬಿಟ್‌ಲಾಕರ್ ಕೀಲಿ ಏನು, ಕೊನೆಯ ನಕಲು ಯಾವ ತಾರೀಕಿನದು ಎಂಬುದನ್ನು ಡೈರಿಯಲ್ಲಿ ಬರೆದು ಬೀರುವಿನಲ್ಲಿಡಿ. ಕಂಪ್ಯೂಟರಿನೊಳಗೇ ಬರೆದಿಟ್ಟರೆ, ಅದು ಮಲಗಿದ ದಿನ ಓದುವುದು ಹೇಗೆ ಹೇಳಿ!